ಹಗಲು ಮಲಗುವವರ ಓಣಿ

ನಮ್ಮ ಓಣಿಯಲ್ಲಿ ಯಾವ ಹೊತ್ತಿಗೂ ಯಾರಾದರೊಬ್ಬರು ಮಲಗಿರುತ್ತಾರೆ.
ಇದು ಶಕ್ತಿನಗರ,
ಇರುವ ಒಂದು ದಿನವನ್ನೇ ಮೂರು ಪಾಳಿಗೆ ಹರಿದು ಹಂಚಿಕೊಂಡವರ ಊರು.
ಬೆಳಗಿನ ಹತ್ತೆಂದರೆ ಬಾಯ್ಲರಿನ ತಾಯಣ್ಣನಿಗೆ ನಡುರಾತ್ರಿ.
ಕಿಟಕಿಗೆ ಕಂಬಳಿ, ಬಾಗಿಲಿಗೆ ಚೀಟಿ:
ಬೆಲ್ ಒತ್ತಬ್ಯಾಡ್ರಿ.

ಹುಲ್ಲಿಗೆ ಮಾತ್ರ ಪಾಳಿಯಿಲ್ಲ.
ಎರಡು ಮಳೆ ಬಿದ್ದದ್ದೇ ತಡ
ಬೂದಿ ಕೂತ ನೆಲದಿಂದ ಎದ್ದು ಬಂದವು
ಗರಿಕೆ, ಜೇಕು, ಉತ್ತರಾಣಿ,
ನೆನೆದರೇ ಸೀನು ತರಿಸುವ ಪಾರ್ಥೇನಿಯಂ.
ನಿಂಬೆಯ ಬುಡ ಕಾಣದಾಯಿತು.
ಶನಿವಾರ ಬಚ್ಚಲ ಬಾಯಲ್ಲಿ ಒಂದು ಚೇಳು
ಬಾಲ ಎತ್ತಿ, ಯಾರನ್ನೋ ಕಾಯುವ ಹಾಗೆ.

ಕುಡುಗೋಲು ನನ್ನಿಂದಾಗದು.
ಬಲಭುಜ ಹಿಡಿದುಕೊಂಡು ಎರಡು ವರ್ಷ;
ಜಡೆ ಹೆಣೆಯಲಾಗದೆ ಕೂದಲನ್ನೇ ಕತ್ತರಿಸಿಕೊಂಡವಳು.

ಪೆಟ್ರೋಲಿನ ಯಂತ್ರ ಒಮ್ಮೆ ಬಾಡಿಗೆಗೆ ತಂದಿದ್ದೆ.
ಹಗ್ಗ ಎಳೆದದ್ದು ಒಂಬತ್ತು ಸಲ. ಹತ್ತನೆಯದಕ್ಕೆ ಅರಚಿತು.
ತಾಯಣ್ಣ ಬನಿಯನ್ನಿನಲ್ಲೇ ಹೊರಬಂದು
ಗೇಟಿನ ಮೇಲೆ ಕೈಯಿಟ್ಟು ನಿಂತ.
ಏನೂ ಅನ್ನಲಿಲ್ಲ.
ಅನ್ನದೇ ಹೋದದ್ದು ಇವತ್ತಿಗೂ ಕಿವಿಯಲ್ಲಿದೆ.

ವೈರಿನದು ಅಗ್ಗ, ನಿಜ.
ನಿಂಬೆಯ ತನಕ ಮುಟ್ಟದು; ಮುಟ್ಟಿದರೂ
ತನ್ನ ಬಾಲ ತಾನೇ ಕಡಿದುಕೊಳ್ಳುವ ಜಾತಿ.

ಹೀಗೆ, ರಾಯಚೂರಿನ ತೀನ್ ಕಂದೀಲ್ ಹತ್ತಿರ
ಜಿಲಾನಿಯ ಅಂಗಡಿ.
ರಾತ್ರಿಯಿಡೀ ಇನ್ನೂರ ಹತ್ತು ಮೆಗಾವ್ಯಾಟಿನ ಮುಳ್ಳಿಗೆ
ಕಣ್ಣು ನೆಟ್ಟು ಕೂತಿದ್ದವಳು
ಅಂಗೈಯಗಲದ ಬ್ಯಾಟರಿಯ ಮುಂದೆ ಪೆದ್ದಿಯಾಗಿ ನಿಂತೆ.
ಹದಿನೆಂಟು ವೋಲ್ಟ್ ಸಾಕೇ, ಮೂವತ್ತಾರೇ?
"ಎರಡು ಆಂಪಿಯರ್ ಅವರ್ ಅಂದ್ರ ಹನ್ನೆರಡು ನಿಮಿಷ ಅಕ್ಕಾ,
ನಾಕು ಅಂದ್ರ ಅರ್ಧ ತಾಸಿಗೆ ಒಂದೀಟು ಕಮ್ಮಿ.
ಡಬ್ಬಿ ಮ್ಯಾಲ ಬರದದ್ದು ನಂಬಬ್ಯಾಡ್ರಿ.
ಡಬ್ಬಿಗೆ ಹುಲ್ಲು ಗೊತ್ತಿಲ್ಲ."

ನಾಕರದ್ದು ಎತ್ತಿದೆ.
ಅಂಗಡಿಯ ನಡುವೆ, ಮಿಕ್ಸರು ಫ್ಯಾನುಗಳ ಸಾಕ್ಷಿಯಲ್ಲಿ
ಗಾಳಿಯನ್ನೇ ಕೊಯ್ದೆ ಎಡಕ್ಕೆ, ಬಲಕ್ಕೆ.
ಬಲಕ್ಕೆ ಹೊರಳುವಾಗ ಭುಜ, ಇಲ್ಲ, ಅಂದಿತು.
ಜಿಲಾನಿ ಹಿಡಿಯನ್ನು ಎರಡು ತೂತು ಕೆಳಗಿಳಿಸಿದ,
ದಂಡವನ್ನು ಗೇಣುದ್ದ ಎಳೆದ.
ಈಗ ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.
ನನ್ನ ವಯಸ್ಸಿಗೆ ಅಷ್ಟು ಒಪ್ಪಿಗೆ ಸಾಕು.

ನೂಲಿನ ದಪ್ಪ ಕೇಳಿದೆ.
"ದಪ್ಪಂದು ಬ್ಯಾಟರಿ ತಿಂತದ,
ಸಣ್ಣದು ಉತ್ತರಾಣಿಗೆ ಹರೀತದ. ನಡುವಿಂದು ಒಯ್ಯಿರಿ."
ಗ್ಯಾರಂಟಿ ಕೇಳಿದೆ, ಚಾರ್ಜಿನ ತಾಸು ಕೇಳಿದೆ,
ಕನ್ನಡಕ ಪುಗಸಟ್ಟೆ ಕೇಳಿದೆ, ಕೊಟ್ಟ.
ಉರುಕುಂದಮ್ಮನನ್ನು ಕೇಳಿರಲಿಲ್ಲ.

ಬುಧವಾರ ಬುಧವಾರ ಬರುವವಳು.
ಕುಕ್ಕರುಗಾಲಲ್ಲಿ ಕೂತು, ಪಾರ್ಥೇನಿಯಂ ಮುಟ್ಟದೆ
ಗರಿಕೆಯನ್ನಷ್ಟೇ ಹಿಡಿಹಿಡಿ ಕೊಯ್ದು
ಗಂಟು ಕಟ್ಟಿ ತನ್ನ ಮೂರು ಆಡಿಗೆ ಒಯ್ಯುವವಳು.
ಅವತ್ತು ಬಂದಾಗ
ಗೋಡೆಗೆಲ್ಲ ಹಸಿರು ಸಿಡಿದಿತ್ತು,
ನನ್ನ ಚೂಡಿದಾರಕ್ಕೂ.
ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿದಳು:
"ಚಟ್ನಿಪುಡಿ ಆಗೇದಲ್ಲವ್ವ ಇದು.
ಆಡು ನೆಕ್ಕಬೇಕೇನು?"

ತಾಯಣ್ಣನ ಕಂಬಳಿ ಅಲುಗಲಿಲ್ಲ.
ದೂರದಲ್ಲಿ ಜೇನು ಎದ್ದಂಥ ಸದ್ದು, ಅಷ್ಟೇ.
ಮಧ್ಯಾಹ್ನ ಎದ್ದವನು ಅಂಗಳ ನೋಡಿ
"ಯಾವಾಗ ಕೊಯ್ಸಿದ್ರಿ ಮೇಡಂ?" ಅಂದ.
ಆ ಪ್ರಶ್ನೆಗೇ ಏಳು ಸಾವಿರ ಕೊಟ್ಟಿದ್ದೆ ಅನ್ನಿಸಿತು.

ಈಗ ಗೇಟಿನಿಂದ ಶುರು ಮಾಡುತ್ತೇನೆ.
ಬಚ್ಚಲು, ನೀರಿನ ತೊಟ್ಟಿ, ಗೋಡೆಯಂಚು.
ಇಪ್ಪತ್ತೆರಡನೆಯ ನಿಮಿಷಕ್ಕೆ
ಮುನ್ಸೂಚನೆಯಿಲ್ಲದೆ ಟ್ರಿಪ್ ಆದ ಯೂನಿಟ್ಟಿನಂತೆ
ಯಂತ್ರ ಸುಮ್ಮನಾಗುತ್ತದೆ.
ನಿಂಬೆಯ ಆಚೆಗೆ ಗರಿಕೆ ಹಾಗೇ ನಿಂತಿದೆ, ಮೊಣಕಾಲುದ್ದ.

"ನಿನಗಂತಲೇ ಬಿಟ್ಟೀನಿ" ಅಂದೆ ಉರುಕುಂದಮ್ಮಗೆ.
ಅವಳು ಯಂತ್ರ ನೋಡಿದಳು, ನನ್ನ ನೋಡಿದಳು,
ಕುಡುಗೋಲು ಕಲ್ಲಿಗೆ ಉಜ್ಜಿದಳು.

ರಾತ್ರಿ ಪಾಳಿಗೆ ಹೊರಡುವಾಗ
ಅಡುಗೆಮನೆಯಲ್ಲಿ ಚಾರ್ಜರಿನ ಕೆಂಪು ಚುಕ್ಕಿ,
ಕಿಟಕಿಯಾಚೆ ಚಿಮಣಿಯ ನೆತ್ತಿಯ ಕೆಂಪು ಚುಕ್ಕಿ.
ಇನ್ನೊಂದು ಬ್ಯಾಟರಿ ಬಂದದ, ತೆಗೆದಿಡಲೇನು
ಎಂದು ಜಿಲಾನಿಯ ಫೋನು.
ಈ ತಿಂಗಳು ಬ್ಯಾಡ, ಅಂದೆ.